ಹೆಜ್ಜೆ ಎಣಿಸಿದ ವರ್ಷ

ನನ್ನ ಕೆಲಸದ ಹೆಸರು ಬದಲಾದ ದಿನ ಅದನ್ನು ಅಮ್ಮನಿಗೆ ವಿವರಿಸಲು ಹೋಗಿ ಸೋತೆ. ಅಲ್ಲಿಯವರೆಗೆ ನಾನು ಜಯನಗರದ ಒಂದು ಸಣ್ಣ ಆರೋಗ್ಯ ಸಂಸ್ಥೆಯಲ್ಲಿ ಅಂಕಿಅಂಶ ನೋಡಿಕೊಳ್ಳುವವಳು. ಅಂದಿನಿಂದ ಎವಿಡೆನ್ಸ್ ಆಫೀಸರ್. ಸಾಕ್ಷ್ಯ ಹುಡುಕುವ ಕೆಲಸ ಅಂದೆ. ತ್ಯಾಗರಾಜನಗರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ, ಯಾರು ಏನು ಮಾಡಿದ್ದಾರೆ ಎಂದು ಕೇಳಿದಳು. ಯಾರೂ ಏನೂ ಮಾಡಿಲ್ಲ, ಇನ್ನು ಮುಂದೆ ಜನರ ಆರೋಗ್ಯಕ್ಕಾಗಿ ಏನೇ ಮಾಡಿದರೂ ಸಂಶೋಧನೆ ಏನು ಹೇಳುತ್ತದೆ ಎಂದು ನೋಡಿಕೊಂಡೇ ಮಾಡಬೇಕಂತೆ ಅಂದೆ. ಹಾಗಾದರೆ ಇಷ್ಟು ವರ್ಷ ಏನು ನೋಡಿಕೊಂಡು ಮಾಡುತ್ತಿದ್ದಿರಿ ಎಂದಳು.

ಕ್ಯಾಲೆಂಡರ್ ನೋಡಿಕೊಂಡು ಮಾಡುತ್ತಿದ್ದೆವು. ಯಾವ ದಿನ ಯಾವ ಕಾಯಿಲೆಯ ದಿನಾಚರಣೆಯೋ ಆ ದಿನ ಆ ಕಾಯಿಲೆಗೆ ಶಿಬಿರ. ಕೈ ತೊಳೆಯುವ ದಿನ ಬಂದಾಗ, ನೀರು ಮೂರು ದಿನಕ್ಕೊಮ್ಮೆ ಬರುವ ಗಲ್ಲಿಯಲ್ಲಿ ನಿಂತು ಇಪ್ಪತ್ತು ಸೆಕೆಂಡು ಕೈ ತೊಳೆಯುವುದು ಹೇಗೆಂದು ತೋರಿಸಿದ್ದೇವೆ. ಹೆಂಗಸರು ನಮ್ಮ ಕೈಯನ್ನಲ್ಲ, ನಾವು ಚೆಲ್ಲುತ್ತಿದ್ದ ನೀರನ್ನು ನೋಡುತ್ತಿದ್ದರು. ಆದ್ದರಿಂದ ನಿರ್ದೇಶಕರು ಹೊರರಾಜ್ಯದ ಒಂದು ಸಮ್ಮೇಳನಕ್ಕೆ ಹೋಗಿ, ಬಟ್ಟೆಯ ಚೀಲವೊಂದನ್ನೂ 'ಎವಿಡೆನ್ಸ್' ಎಂಬ ಪದವನ್ನೂ ಹೊತ್ತು ತಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ನಾನು ಸಂಖ್ಯಾಶಾಸ್ತ್ರ ಓದಿದವಳು. ಕೊನೆಗೂ ನನ್ನ ಕಾಲ ಬಂತು ಅಂದುಕೊಂಡೆ.

ನಿರ್ದೇಶಕರ ಬಗ್ಗೆ ಎರಡು ಮಾತು. ಅವರು ವೈದ್ಯರು, ಅರವತ್ತು ದಾಟಿದವರು, ಕೆಟ್ಟವರಲ್ಲ. ಯಾರ ಮೇಲೂ ಕೂಗಾಡಿದವರಲ್ಲ. ಅವರಿಗಿದ್ದ ಒಂದೇ ತೊಂದರೆಯೆಂದರೆ ತಮಗೆ ಒಳ್ಳೆಯದಾದದ್ದು ಲೋಕಕ್ಕೆಲ್ಲ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಆ ವರ್ಷ ಅವರು ದಿನಾ ಬೆಳಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡಿ ಸಕ್ಕರೆ ಕಾಯಿಲೆಯನ್ನು ಹಿಡಿತಕ್ಕೆ ತಂದುಕೊಂಡಿದ್ದರು. ಹೀಗಾಗಿ ನಮ್ಮ ಮೊದಲ ಸಾಕ್ಷ್ಯಾಧಾರಿತ ಯೋಜನೆ ಏನಾಗಿರಬೇಕೆಂಬುದು ಸೋಮವಾರವೇ ತೀರ್ಮಾನವಾಯಿತು. ಹೊಸಕೆರೆಹಳ್ಳಿಯ ಕೆರೆಯಾಚೆಯ ಗಲ್ಲಿಗಳಲ್ಲಿ ಮನೆಗೆಲಸ ಮಾಡುವ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಹೆಚ್ಚುತ್ತಿದೆ, ಅವರಿಗಾಗಿ ವಾಕಿಂಗ್ ಗುಂಪು. ಅದಕ್ಕೆ ಬೇಕಾದ ಸಾಕ್ಷ್ಯವನ್ನು ನಾನು ಶುಕ್ರವಾರದೊಳಗೆ ಹುಡುಕಿ ಕೊಡಬೇಕು.

ಹುಡುಕಿದೆ. ನಡಿಗೆಯಿಂದ ಕೆಡುಕಾಯಿತು ಎಂದು ಯಾರು ತಾನೇ ಬರೆದಿರುತ್ತಾರೆ? ವಿದೇಶಿ ಸಂಶೋಧನಾ ಲೇಖನಗಳ ದಪ್ಪನೆಯ ಕಟ್ಟೇ ಸಿಕ್ಕಿತು. ನಾಲ್ಕು ದಿನ ಕೂತು ಓದಿದೆ. ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಕಟ್ಟಿನಲ್ಲಿದ್ದ ಬರಹಗಳಲ್ಲಿ ನಡೆದು ಗುಣ ಕಂಡವರೆಲ್ಲ ದಿನವಿಡೀ ಕೂತು ಕೆಲಸ ಮಾಡುವವರು. ಗುಮಾಸ್ತರು, ಕಂಪ್ಯೂಟರಿನವರು, ನಿವೃತ್ತರು. ದಿನಕ್ಕೆ ಐದು ಮನೆ ನೆಲ ಒರೆಸುವವರ ಮಾತು ಎಲ್ಲೂ ಇರಲಿಲ್ಲ. ಇದನ್ನು ಒಂದು ಸಾಲಿನಲ್ಲಿ ಬರೆದು, ಸಭೆಯಲ್ಲಿ ತೋರಿಸುವ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದೆ. ನಿರ್ದೇಶಕರು ಒಮ್ಮೆ ಕಣ್ಣಾಡಿಸಿ, ಹಾಳೆ ತುಂಬಾ ಕಿಕ್ಕಿರಿದಿದೆ, ಸ್ವಲ್ಪ ಗಾಳಿಯಾಡಲಿ ಎಂದರು. ಯಾವ ಸಾಲು ತೆಗೆಯಬೇಕೆಂದು ಅವರು ಹೇಳಲಿಲ್ಲ. ನಾನೇ ಆ ಸಾಲನ್ನು ತೆಗೆದೆ. ಗಾಳಿ ಚೆನ್ನಾಗಿ ಆಡಿತು.

ಸಭೆಯಲ್ಲಿ ನಮ್ಮ ಕ್ಷೇತ್ರ ಕಾರ್ಯಕರ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅದೇ ಗಲ್ಲಿಗಳಲ್ಲಿ ಹುಟ್ಟಿ ಬೆಳೆದ, ಐವತ್ತರ ಆಸುಪಾಸಿನ ಹೆಂಗಸು. ಎಸ್ಸೆಸ್ಸೆಲ್ಸಿಯವರೆಗೆ ಓದಿದವರು. ಸಂಸ್ಥೆ ಶುರುವಾದಾಗಿನಿಂದ ಇದ್ದವರು, ನಮ್ಮೆಲ್ಲರಿಗಿಂತ ಹಳಬರು. ಕೊನೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ನಿರ್ದೇಶಕರು ಇಂಗ್ಲಿಷಿನಲ್ಲಿ ಕೇಳಿದಾಗ ಅವರೊಬ್ಬರೇ ಕೈ ಎತ್ತಿದ್ದು.

"ಸಾರ್, ಅವ್ರು ಬೆಳಗ್ಗೆ ಆರಕ್ಕೆ ಮನೆ ಬಿಟ್ರೆ ಮಧ್ಯಾಹ್ನ ಮೂರರವರೆಗೂ ನಡೀತಾನೇ ಇರ್ತಾರೆ. ಇನ್ನೂ ಎಲ್ಲಿಗೆ ನಡೆಸ್ತೀರ ಅವ್ರನ್ನ?"

ನಿರ್ದೇಶಕರು ನಕ್ಕರು. ಬಹಳ ಪ್ರೀತಿಯಿಂದಲೇ, ಇದು ಅನೆಕ್ಡೋಟಲ್ ಅಮ್ಮ ಎಂದರು. ಹಾಗಂದ್ರೆ ಏನು ಸಾರ್ ಎಂದು ಅವರು ಕೇಳಿದಾಗ ನಿರ್ದೇಶಕರು ನನ್ನ ಕಡೆ ನೋಡಿದರು. ಎವಿಡೆನ್ಸ್ ಆಫೀಸರ್ ಆಗಿ ಅನುವಾದ ನನ್ನ ಕರ್ತವ್ಯ. ಒಬ್ಬರಿಬ್ಬರ ಅನುಭವ, ಲೆಕ್ಕಕ್ಕೆ ಬರದ್ದು ಅಂದೆ. ಅವರು ತಲೆಯಾಡಿಸಿ ತಮ್ಮ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

ಬನಶಂಕರಿಯ ಒಂದು ಪಾರ್ಕಿನಲ್ಲಿ, ಬೆಳಗ್ಗೆ ಆರೂವರೆಗೆ, ಗಿಳಿಹಸಿರು ಟೀ ಶರ್ಟುಗಳ ಸಮೇತ ಕಾರ್ಯಕ್ರಮ ಉದ್ಘಾಟನೆಯಾಯಿತು. ಆರೂವರೆಗೆ ಆ ಹೆಂಗಸರೆಲ್ಲ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಮೊದಲ ವಾರ ಇಬ್ಬರು ಬಂದರು, ಅವರೂ ಕೆಲಸಕ್ಕೆ ಹೋಗುವ ದಾರಿ ಪಾರ್ಕಿನ ಒಳಗೇ ಇದ್ದುದರಿಂದ. ಎರಡನೆಯ ವಾರ ಯಾರೂ ಇಲ್ಲ. ಟೀ ಶರ್ಟಿನ ರಟ್ಟಿನ ಡಬ್ಬಗಳ ಪಕ್ಕ ನಾನು ಬೆಂಚಿನ ಮೇಲೆ ಕೂತಿರುತ್ತಿದ್ದೆ. ಪಾರ್ಕಿಗೆ ದಿನಾ ಬರುವ ನಿವೃತ್ತ ಅಂಕಲ್‌ಗಳು ಒಬ್ಬೊಬ್ಬರಾಗಿ ಬಂದು, ಏನಮ್ಮ ಇದು ಎಂದು ವಿಚಾರಿಸತೊಡಗಿದರು. ಹೇಳಿದೆ. ಒಳ್ಳೆ ಕೆಲಸ, ನಮ್ಮ ಹೆಸರೂ ಬರ್ಕೊಳ್ಳಿ ಅಂದರು.

ನಿರ್ದೇಶಕರನ್ನು ಕೇಳಿದೆ. ಸಮುದಾಯ ಅಂದರೆ ಎಲ್ಲರೂ ಸಮುದಾಯವೇ ಅಲ್ಲವೇ ಎಂದರು. ತಿಂಗಳೊಳಗೆ ಟೀ ಶರ್ಟುಗಳೆಲ್ಲ ಖಾಲಿ. ಸರ್ಕಾರಿ ಇಲಾಖೆಯೊಂದರಿಂದ ನಿವೃತ್ತರಾದ ಎಂಜಿನಿಯರೊಬ್ಬರು ಗುಂಪಿನ ನಾಯಕರಾಗಿ, ಕೊರಳಿಗೆ ಸೀಟಿ ಹಾಕಿಕೊಂಡರು. ಇಪ್ಪತ್ತು ವರ್ಷದಿಂದ ಅದೇ ಪಾರ್ಕಿನಲ್ಲಿ ಅದೇ ಸುತ್ತು ಹೊಡೆಯುತ್ತಿದ್ದವರು ಈಗ ನಮ್ಮ ಯೋಜನೆಯ ಫಲವಾಗಿ ನಡೆಯಲಾರಂಭಿಸಿದರು. ಅವರ ಸಕ್ಕರೆ, ರಕ್ತದೊತ್ತಡ ಎಲ್ಲ ಚೆನ್ನಾಗಿತ್ತು. ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ನನ್ನ ಕೋಷ್ಟಕಗಳು ಫಳಫಳ ಹೊಳೆದವು.

ಆದರೂ ಕಾಗದದ ಮೇಲೆ ಇದು ಮನೆಗೆಲಸದ ಹೆಂಗಸರ ಯೋಜನೆ. ಒಂದಿಬ್ಬರಾದರೂ ಅವರ ಮಾಹಿತಿ ಬೇಕಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಹೆಜ್ಜೆ ಎಣಿಸುವ ಪುಟ್ಟ ಯಂತ್ರಗಳನ್ನು ತರಿಸಿದ್ದೆವು. ಅಂಕಲ್‌ಗಳಿಗೆ ಕೊಟ್ಟು ಉಳಿದ ನಾಲ್ಕನ್ನು ನಮ್ಮ ಕಾರ್ಯಕರ್ತೆ ಕೇಳಿ ಇಸಿದುಕೊಂಡು ಹೋಗಿ ನಾಲ್ವರು ಹೆಂಗಸರಿಗೆ ಕಟ್ಟಿದರು. ಎರಡು ವಾರದ ಮೇಲೆ ಅವನ್ನು ತಂದು ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

ಆ ನಾಲ್ಕು ಯಂತ್ರಗಳ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ಸಾಲುಗಳು ಕೆಂಪಾದವು. ಇಷ್ಟಕ್ಕಿಂತ ಹೆಚ್ಚು ಹೆಜ್ಜೆ ಬಂದರೆ ಅದು ಅಸಂಭವ, ತಪ್ಪು ಎಂದು ಗುರುತಿಸಬೇಕೆಂಬ ನಿಯಮವನ್ನು ಅದರೊಳಗೆ ಬರೆದವಳು ನಾನೇ. ಆ ಮಿತಿಯನ್ನು ನಾನು ಹೇಗೆ ನಿರ್ಧರಿಸಿದ್ದೆ? ನಾನೂ ಅಂಕಲ್‌ಗಳೂ ಒಂದು ದಿನದಲ್ಲಿ ನಡೆಯುವುದನ್ನು ನೋಡಿ, ಅದಕ್ಕೆ ಒಂದಿಷ್ಟು ಧಾರಾಳವಾಗಿ ಸೇರಿಸಿ. ನಾಲ್ವರೂ ಆ ಧಾರಾಳವನ್ನು ದಾಟಿ ಎಲ್ಲಿಗೋ ಹೋಗಿದ್ದರು. ನಿರ್ದೇಶಕರು ಯಂತ್ರ ಕೆಟ್ಟಿರಬೇಕು ಎಂದರು. ಮಕ್ಕಳ ಸೊಂಟಕ್ಕೆ ಕಟ್ಟಿ ಆಡಲು ಬಿಟ್ಟಿರುತ್ತಾರೆ ಎಂದು ಇನ್ನೊಬ್ಬ ಸಹೋದ್ಯೋಗಿ ಊಹಿಸಿದರು. ನಾನು ಆ ಸಾಲುಗಳನ್ನು ಅಳಿಸಿ, ವರದಿಯಲ್ಲಿ 'ಸಾಧನದ ದುರ್ಬಳಕೆಯ ಸಾಧ್ಯತೆಯಿಂದ ಕೆಲವು ದಾಖಲೆಗಳನ್ನು ಕೈಬಿಡಲಾಗಿದೆ' ಎಂದು ಬರೆದೆ. ಇದಕ್ಕೆ ನಮ್ಮಲ್ಲಿ ದತ್ತಾಂಶ ಶುದ್ಧೀಕರಣ ಎನ್ನುತ್ತಾರೆ.

ಕಾರ್ಯಕರ್ತೆ ಆ ಯಂತ್ರಗಳನ್ನು ಮತ್ತೆ ಕೇಳಲಿಲ್ಲ. ನನ್ನ ಜೊತೆ ಒಂದು ವಾರ ಮಾತೂ ಆಡಲಿಲ್ಲ.

ಮಾತಾಡಿದ್ದು ಒಂದು ಮಧ್ಯಾಹ್ನ. ನನ್ನ ಜತೆ ಒಂದು ಮನೆಗೆ ಬನ್ನಿ ಮೇಡಂ, ಅರ್ಧ ಗಂಟೆ ಸಾಕು ಅಂದರು. ಆಟೋದಲ್ಲಿ ಹೋದೆವು. ಒಂದೇ ಕೋಣೆಯ ಶೀಟಿನ ಮನೆ. ಚಾಪೆಯ ಮೇಲೆ ನಲವತ್ತೈದರ ಹೆಂಗಸೊಬ್ಬಳು ಗೋಡೆಗೊರಗಿ ಕೂತಿದ್ದಳು. ಬಲಗಾಲಿಗೆ ದಪ್ಪ ಬ್ಯಾಂಡೇಜು. ಚಪ್ಪಲಿ ಕಚ್ಚಿ ಆದ ಗುಳ್ಳೆಯಂತೆ. ಸಕ್ಕರೆ ಏರಿದ್ದರಿಂದ ನೋವೇ ಗೊತ್ತಾಗಿರಲಿಲ್ಲ. ಅದೇ ಕಾಲಿನಲ್ಲಿ ಐದು ಮನೆ ಓಡಾಡಿದ್ದಾಳೆ. ಕೀವು ಕಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೆಬ್ಬೆರಳ ಪಕ್ಕದ ಬೆರಳನ್ನು ತೆಗೆಯಬೇಕಾಯಿತು. ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲವೇ ಎಂದು ಕೇಳಿದೆ. ತಿಂಗಳುಗಳಿಂದ ಇಲ್ಲ ಎಂದಳು. ನಮ್ಮ ಸಂಸ್ಥೆಯದೇ ಚಿಕಿತ್ಸಾಲಯ ಅವಳ ಮನೆಯಿಂದ ಎರಡು ರಸ್ತೆ ಆಚೆ ಇತ್ತು, ಮಾತ್ರೆ ಉಚಿತ. ಆದರೆ ಬಾಗಿಲು ತೆರೆಯುತ್ತಿದ್ದುದು ಹತ್ತರಿಂದ ಒಂದರವರೆಗೆ. ಆ ಹೊತ್ತಿಗೆ ಅವಳು ಮೂರನೆಯ ಮನೆಯಲ್ಲಿರುತ್ತಾಳೆ.

ಆಕೆ ಸ್ವಲ್ಪ ನಾಚಿಕೊಂಡು ಕೇಳಿದಳು.

"ಮೇಡಂ, ಆ ಮಿಷಿನ್ ಕಟ್ಟಿದ್ರಲ್ಲ, ಅದ್ರಲ್ಲಿ ನಾನೇ ಜಾಸ್ತಿ ಅಂತೆ, ಹೌದಾ?"

ಅದು ಅವಳಿಗೆ ಪಂದ್ಯವಾಗಿತ್ತು. ಗೆದ್ದವರಿಗೆ ಏನಾದರೂ ಇದೆಯೋ ಎಂಬ ಆಸೆಯೂ ಇರಲಿಲ್ಲ, ಸುಮ್ಮನೆ ತಿಳಿದುಕೊಳ್ಳಬೇಕಿತ್ತು. ನಾನು ಅವಳ ಸಾಲನ್ನು ಮೊದಲು ಅಳಿಸಿದ್ದೆ, ಅದೇ ಎಲ್ಲಕ್ಕಿಂತ ಕೆಂಪಗಿದ್ದುದು.

"ಹೌದು," ಅಂದೆ. "ನೀವೇ ಜಾಸ್ತಿ."

ಆಕೆ ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳ ಕಡೆ ತಿರುಗಿ, ಕೇಳಿದೆಯಾ ಎಂಬಂತೆ ನೋಡಿದಳು. ನನಗೆ ಬಿಸ್ಕತ್ತು ಕೊಡಿಸಿದಳು. ತಿಂದೆ. ಅದನ್ನು ಮುಗಿಸಿದ್ದೇ ಆ ವರ್ಷ ನಾನು ಮಾಡಿದ ಕಷ್ಟದ ಕೆಲಸ.

ಹೊರಗೆ ಬಂದಾಗ, ಇನ್ನೂ ಎಷ್ಟು ಜನ ಹೀಗೆ ಮಾತ್ರೆ ಬಿಟ್ಟಿದ್ದಾರೆ ಎಂದು ಕಾರ್ಯಕರ್ತೆಯನ್ನು ಕೇಳಿದೆ. ಅವರು ಚೀಲದಿಂದ ನೀಲಿ ರಟ್ಟಿನ ಉದ್ದ ನೋಟ್‌ಬುಕ್ ತೆಗೆದರು. ಯಾರು ಯಾವ ತಿಂಗಳು ಮಾತ್ರೆ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಎಲ್ಲವೂ ಗುಂಡನೆಯ ಅಕ್ಷರದಲ್ಲಿತ್ತು. ವರ್ಷಗಳ ಬರಹ. ಯಾರು ಬರೆಯಲು ಹೇಳಿದ್ದು ಎಂದರೆ, ಯಾರೂ ಇಲ್ಲ, ಮರೆತು ಹೋಗತ್ತೆ ಅಂತ ಬರ್ಕೊಂಡೆ ಅಂದರು.

ಅದನ್ನು ಮನೆಗೆ ಒಯ್ದು ಒಂದು ವಾರ ಓದಿದೆ. ನನ್ನ ವಿದೇಶಿ ಕಟ್ಟಿಗಿಂತ ನಿಧಾನವಾಗಿ ಓದಬೇಕಾಯಿತು. ಹೆಚ್ಚಿನವರು ಮಾತ್ರೆ ಬಿಟ್ಟದ್ದು ಚಿಕಿತ್ಸಾಲಯದ ವೇಳೆಯಿಂದಾಗಿ. ಕೆಲವರು, ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನಲು ಯಾರ ಮನೆಯಲ್ಲೂ ಬಿಡುವು ಕೊಡದ ಕಾರಣ. ಕಾಯಿಲೆ ಗೊತ್ತಾದರೆ ಕೆಲಸ ಹೋದೀತೆಂದು ಒಬ್ಬಿಬ್ಬರು. ಮತ್ತೆ ಮತ್ತೆ ಕಾಣಿಸುತ್ತಿದ್ದ ಇನ್ನೊಂದು ಸಾಲು ಮೊದಲು ನನಗೆ ಅರ್ಥವಾಗಲಿಲ್ಲ: 'ನೀರು ಕುಡಿಯಲ್ಲ.' ಕೇಳಿದಾಗ ಕಾರ್ಯಕರ್ತೆ ವಿವರಿಸಿದರು. ಸಕ್ಕರೆ ಇದ್ದವರಿಗೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಕೆಲಸದ ಮನೆಗಳಲ್ಲಿ ಬಚ್ಚಲು ತೊಳೆಯಲು ಒಳಗೆ ಬಿಡುತ್ತಾರೆ, ಬಳಸಲು ಬಿಡುವುದಿಲ್ಲ. ಆದ್ದರಿಂದ ಬೆಳಗ್ಗೆಯಿಂದ ಮೂರರವರೆಗೆ ಒಂದು ಲೋಟ ನೀರೂ ಇಲ್ಲ.

ನೋಟ್‌ಬುಕ್ಕನ್ನು ಹಾಗೇ ಕೊಟ್ಟರೆ ಅದಕ್ಕೇನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಇಂಗ್ಲಿಷಿಗೆ ತಂದು, ಕೋಷ್ಟಕ ಮಾಡಿ, ಉಚ್ಚರಿಸಲು ಕಷ್ಟವಾಗುವ ಶೀರ್ಷಿಕೆ ಕೊಟ್ಟು, ಸ್ಪೈರಲ್ ಬೈಂಡ್ ಮಾಡಿಸಿ ನಿರ್ದೇಶಕರ ಮುಂದಿಟ್ಟೆ. ಜೊತೆಗೆ, ಅವತ್ತು ಹಾಳೆಯಿಂದ ಯಾವ ಸಾಲು ತೆಗೆದೆ ಎಂಬುದನ್ನೂ, ಕೆಂಪು ಸಾಲುಗಳ ಸಂಗತಿಯನ್ನೂ ಹೇಳಿದೆ. ಬೈಗುಳ ನಿರೀಕ್ಷಿಸಿದ್ದೆ, ಸ್ವಲ್ಪ ಬೇಕಾಗಿಯೂ ಇತ್ತು. ಹಾಳೆ ಕಿಕ್ಕಿರಿದೇ ಇತ್ತು ಬಿಡಿ ಅಂದುಬಿಟ್ಟರು. ಕೂತು ಇಡೀ ಪುಸ್ತಿಕೆಯನ್ನು ಓದಿದರು. ಅದು ಅವರ ದೊಡ್ಡ ಗುಣ, ಬೈಂಡ್ ಆಗಿದ್ದರೆ ಓದುತ್ತಾರೆ. ಮುಗಿಸಿ ಕನ್ನಡಕ ತೆಗೆದು ಕಾರ್ಯಕರ್ತೆಯನ್ನು ಕರೆಸಿದರು. ಇಷ್ಟು ಮುಖ್ಯವಾದ ವಿಷಯವನ್ನು ತಿಂಗಳ ವರದಿಯಲ್ಲಿ ಇಷ್ಟು ವರ್ಷ ಯಾಕೆ ತಿಳಿಸಲಿಲ್ಲ ಎಂದು ಕೇಳಿದರು.

"ಕಾಲಂ ಇರ್ಲಿಲ್ಲ ಸಾರ್," ಅಂದರು ಅವರು.

ಇದ್ದದ್ದು ಎಷ್ಟು ಮನೆಗೆ ಭೇಟಿ ಕೊಟ್ಟಿರಿ ಎಂಬ ಕಾಲಂ ಮಾತ್ರ. ಆ ನಮೂನೆಯನ್ನು ರೂಪಿಸಿದ ಜಾಣೆ ಯಾರೆಂದು ಬೇರೆ ಹೇಳಬೇಕಿಲ್ಲ.

ಚಿಕಿತ್ಸಾಲಯದ ವೇಳೆ ಬದಲಾಯಿತು. ಹಳೆಯ ವೈದ್ಯರಿಗೆ ಸಂಜೆ ಸ್ವಂತ ಪ್ರಾಕ್ಟೀಸು, ಅವರು ಒಪ್ಪಲಿಲ್ಲ. ಬಿಟಿಎಂ ಲೇಔಟಿನಿಂದ ಬರಲು ಒಪ್ಪಿದ ಕಿರಿಯ ವೈದ್ಯೆಯೊಬ್ಬರು ಸಿಕ್ಕರು. ಸೋಮವಾರ, ಗುರುವಾರ, ಸಂಜೆ ಐದರಿಂದ ಎಂಟು. ಮೊದಲ ಗುರುವಾರವೇ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂತು. ಈ ಬದಲಾವಣೆಗೆ ನಾವು ಯಾವ ದೇಶದ ಸಂಶೋಧನೆಯನ್ನೂ ಓದಬೇಕಿರಲಿಲ್ಲ, ಚಿಕಿತ್ಸಾಲಯದ ಬೀಗದ ಕೈ ಬೇರೆಯವರ ಕೈಗೆ ಹೋಗಬೇಕಿತ್ತು, ಅದು ನನ್ನ ಕೈಗೆ ಬಂತು. ಮುಂದಿನ ಸಮ್ಮೇಳನದಲ್ಲಿ ನಿರ್ದೇಶಕರು ಇದರ ಬಗ್ಗೆ ಮಾತಾಡಿದರು. ಕೊನೆಯ ಹಾಳೆಯಲ್ಲಿ ಕಾರ್ಯಕರ್ತೆಗೆ 'ಸ್ಥಳೀಯ ಮಾಹಿತಿದಾರರು' ಎಂದು ಕೃತಜ್ಞತೆ ಸಲ್ಲಿಸಲಾಗಿತ್ತು. ಅದನ್ನು ಅವರಿಗೆ ತೋರಿಸಿದೆ. ಪೊಲೀಸರು ಹೇಳೋ ಥರ ಇದೆಯಲ್ಲ ಮೇಡಂ ಎಂದು ನಕ್ಕರು, ಆದರೆ ತಮ್ಮ ನೋಟ್‌ಬುಕ್ಕನ್ನು ನನ್ನಿಂದ ವಾಪಸ್ ಇಸಿದುಕೊಂಡರು.

ಉಳಿದದ್ದು ಬಚ್ಚಲಿನ ವಿಷಯ. ಅದಕ್ಕೆ ವೈದ್ಯೆ ಏನೂ ಮಾಡಲಾರರು. ಆ ಹೆಂಗಸರು ಕೆಲಸ ಮಾಡುವ ಮನೆಗಳಲ್ಲಿ ಹಲವು ನಮ್ಮ ವಾಕಿಂಗ್ ಗುಂಪಿನವರದೇ ಎಂಬುದು ನೋಟ್‌ಬುಕ್ಕಿನಿಂದ ತಿಳಿದಿತ್ತು. ಒಂದು ಭಾನುವಾರ ನಾಯಕರ ಸೀಟಿಯಿಂದ ಎಲ್ಲರನ್ನೂ ಸೇರಿಸಿ, ಬೆಂಚಿನ ಪಕ್ಕ ನಿಂತು ವಿಷಯ ಹೇಳಿದೆ. ಯಾರ ಮನೆಯೆಂದು ಹೇಳಲಿಲ್ಲ. ಒಬ್ಬರು ಶೂ ಲೇಸು ಕಟ್ಟಲು ಬಗ್ಗಿದವರು ಮೇಲೇಳಲೇ ಇಲ್ಲ. ಕೊನೆಗೆ ನಾಯಕರು ಗಂಟಲು ಸರಿಮಾಡಿಕೊಂಡರು.

"ಇದರ ಬಗ್ಗೆ ಏನಾದ್ರೂ ಸ್ಟಡಿ ಆಗಿದ್ಯಾಮ್ಮ? ಎವಿಡೆನ್ಸ್ ಇದ್ಯಾ?"

ಆ ಪದವನ್ನು ಅವರಿಗೆ ಕಲಿಸಿದವರು ನಾವೇ. ಇದೆ ಎಂದೆ. ಸ್ಯಾಂಪಲ್ ಎಷ್ಟು ಎಂದರು. ಎಷ್ಟಿದ್ದರೂ ಅವರಿಗೆ ಸಾಲುತ್ತಿರಲಿಲ್ಲ. ಗುಂಪಿನಲ್ಲಿದ್ದ ಒಬ್ಬಳೇ ಹೆಂಗಸು, ಎಪ್ಪತ್ತರ ನಿವೃತ್ತ ಮೇಷ್ಟ್ರಮ್ಮ, ಅಲ್ಲಿಂದಲೇ ಹೊರಟು ಹೋದರು. ಅವರಿಗೂ ಬೇಸರವಾಯಿತು ಅಂದುಕೊಂಡೆ. ಅವರು ಹೋದದ್ದು ನೇರ ಮನೆಗೆ, ಬಚ್ಚಲು ಬಳಸು ಎಂದು ತಮ್ಮ ಕೆಲಸದವಳಿಗೆ ಹೇಳಲು. ಇದನ್ನು ನನಗೆ ಆಮೇಲೆ ತಿಳಿಸಿದವರು ಕಾರ್ಯಕರ್ತೆ, ಅವರ ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಸಾಲು ಸೇರಿತ್ತು.

ಪಾರ್ಕಿನಲ್ಲಿ ಭಾಷಣ ಮಾಡಿ ಮನೆಗೆ ಬಂದಾಗ ನಮ್ಮ ಕೆಲಸದಾಕೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಎಂಟು ವರ್ಷದಿಂದ ಬರುತ್ತಿದ್ದಾಳೆ. ಹಿತ್ತಲಿನ ಹಳೆಯ ಪಾಯಖಾನೆಯಲ್ಲಿ ಹಳೇ ಪೇಪರು, ಒಡೆದ ಬಕೆಟ್ಟು ಸೂರಿನವರೆಗೆ ತುಂಬಿದ್ದೆವು. ನಮ್ಮ ಮನೇಲಿ ಏನ್ ಮಾಡ್ತೀಯ ಎಂದು ಕೇಳಿದೆ. ಮನೆಗೆ ಹೋಗೋವರೆಗೂ ತಡ್ಕೋತೀನಿ ಅಕ್ಕ ಎಂದಳು, ಮಳೆ ಬಿಸಿಲಿನ ಬಗ್ಗೆ ಹೇಳುವಂತೆ. ನಾನು ಆ ಮಧ್ಯಾಹ್ನವೇ ಸೀರೆ ಎತ್ತಿ ಕಟ್ಟಿ ಪೇಪರು ಹೊರಗೆಸೆಯತೊಡಗಿದೆ. ಅಮ್ಮ ಬಂದು ಬಾಗಿಲಲ್ಲಿ ನಿಂತಳು.

"ಇದನ್ನ ಯಾಕೆ ಖಾಲಿ ಮಾಡ್ತಿದ್ದೀಯ? ಒಳಗಡೇದು ಇದೆಯಲ್ಲ, ಅಲ್ಲೇ ಹೋಗ್ಲಿ."

ಮೈಗೆಲ್ಲ ಧೂಳು ಮೆತ್ತಿಕೊಂಡು ನಿಂತಿದ್ದ ನನಗೆ, ಒಳಗಿನದು ನನ್ನ ಯೋಚನೆಗೇ ಬಂದಿರಲಿಲ್ಲವೆಂದು ಆಗ ಹೊಳೆಯಿತು. ಹಾಗಿದ್ದರೆ ಎಂಟು ವರ್ಷ ನೀನ್ಯಾಕೆ ಹೇಳಲಿಲ್ಲ ಎಂದು ಅಮ್ಮನ ಮೇಲೆ ರೇಗಿದೆ. ನೀನು ಬೇಡ ಅಂತೀಯ ಅಂದ್ಕೊಂಡಿದ್ದೆ ಎಂದಳು. ಅಮ್ಮ ಸುಳ್ಳು ಹೇಳುತ್ತಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆಕೆಯ ಊಹೆ ತಪ್ಪಾಗಿರಲಿಲ್ಲ.

ಈಗ ಅಷ್ಟಿಷ್ಟು ಮನೆಗಳಲ್ಲಿ ಬಚ್ಚಲಿನ ಬಾಗಿಲು ತೆರೆದಿದೆ, ಬಹಳ ಮನೆಗಳಲ್ಲಿ ಇಲ್ಲ. ನಾಯಕರ ಮನೆಯಲ್ಲಿ ಇಲ್ಲ. ವಾಕಿಂಗ್ ಗುಂಪಿಗೆ ಯಾರೋ ಒಂದು ಫಲಕ ಕೊಟ್ಟರು, ಅದು ಕಚೇರಿಯ ಗೋಡೆಯಲ್ಲಿದೆ. ಬೆರಳು ಕಳೆದುಕೊಂಡಾಕೆ ಐದು ಮನೆ ಬಿಟ್ಟು ಎರಡು ಮಾಡುತ್ತಾಳೆ, ಎರಡೂ ನೆಲಮಹಡಿಯವು. ಗುರುವಾರ ನಾಲ್ಕೂಮುಕ್ಕಾಲಿಗೇ ಬಂದು ಚಿಕಿತ್ಸಾಲಯದ ಮೊದಲ ಮೆಟ್ಟಿಲ ಮೇಲೆ ಕೂರುತ್ತಾಳೆ. ಮೊನ್ನೆ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ಹಾಕಿಕೊಂಡು ನಾನು ಬಾಗಿಲು ತೆರೆಯುವುದು ಹತ್ತು ನಿಮಿಷ ತಡವಾಯಿತು. ಸಾಲಿನಲ್ಲಿದ್ದ ಅಷ್ಟೂ ಹೆಂಗಸರ ಎದುರಿಗೆ ಆಕೆ, ಐದು ಅಂದ್ರೆ ಐದು ಮೇಡಂ, ಬೋರ್ಡಲ್ಲಿ ನೀವೇ ಬರ್ದಿರೋದು ಎಂದು ಗದರಿಸಿದಳು. ಸಾರಿ ಎಂದು ಹೇಳಿ ಶಟರು ಎತ್ತಿದೆ.